ಆಂಬುಲೆನ್ಸ್ ಮನೆ ಬಾಗಿಲಿಗೆ ಬಂದಾಗ

ಕಳೆದ ತಿಂಗಳ ಕೊನೆಯ ಜುಮಾದಲ್ಲಿ, ಖುತ್ಬಾಕ್ಕೆ ಮುಂಚಿನ ಕನ್ನಡ ಬಯಾನ್‌ನಲ್ಲಿ, ಆಂಬುಲೆನ್ಸ್ ಸಿಬ್ಬಂದಿಯ ತರಬೇತಿಯ ಬಗ್ಗೆ ಮಾತಾಡಿದೆ. ನಮಾಝ್ ಮುಗಿದ ಮೇಲೆ ಇಬ್ಬರು ಹಿರಿಯರು ಹತ್ತಿರ ಬಂದು, "ಹಜ್ರತ್, ಮಸೀದಿಯಲ್ಲಿ ಹೇಳೋ ವಿಷಯವೇ ಇದು?" ಎಂದು ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಆ ದಿನ ಸಮಯ ಸಾಲದೆ ಅರ್ಧಕ್ಕೆ ನಿಲ್ಲಿಸಿದ್ದೆ. ಸಮಯಕ್ಕಿಂತ ಹೆಚ್ಚಾಗಿ ಧೈರ್ಯ ಸಾಲದೆ ಬಿಟ್ಟ ಮಾತೊಂದಿತ್ತು. ಅದನ್ನು ಇಲ್ಲಿ ಮೊದಲು ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದಿನ ಚಳಿಗಾಲ. ಫಜ್ರ್ ಜಮಾಅತ್‌ಗೆ ಐದು ನಿಮಿಷ ಇರುವಾಗ ಮೊಹಲ್ಲಾದ ಒಬ್ಬರಿಂದ ಫೋನ್ ಬಂತು. ಅವರ ತಾಯಿಗೆ ಅರವತ್ತರ ಮೇಲೆ ವಯಸ್ಸು, ಹಳೆಯ ಸಕ್ಕರೆ ಕಾಯಿಲೆ. ರಾತ್ರಿಯಿಂದ "ದಿಲ್ ಘಬರಾ ರಾ" ಎನ್ನುತ್ತಿದ್ದರಂತೆ. ಮನೆಯವರು ಗ್ಯಾಸ್ ಎಂದುಕೊಂಡು ಓಮದ ನೀರು ಕೊಟ್ಟಿದ್ದಾರೆ. ಬೆವರು ಧಾರಾಕಾರ ಇಳಿದಾಗ 108ಕ್ಕೆ ಕರೆ ಮಾಡಿದ್ದಾರೆ. ವಾಹನ ಬಂದಿದೆ. ಬಂದ ಹುಡುಗ ಗದಗ ಕಡೆಯವನು, ನಮ್ಮ ಮಾತು ಬಾರದು. "ಏನಾಗ್ತಿದೆ?" ಎಂದು ಕೇಳಿದಾಗ ಸೊಸೆ ಕನ್ನಡಕ್ಕೆ ತಿರುಗಿಸಿ, "ಗಾಬರಿ ಆಗ್ತಿದೆ ಅಂತಾರೆ" ಎಂದಳು. "ಗಾಬರಿ ಯಾಕ್ರೀ, ಮನ್ಯಾಗ ಏನರ ಜಗಳ ಆತೇನು?" ಎಂದು ಅವನು ಕೇಳಿದನಂತೆ. ಆದರೂ ಬೆವರು ನೋಡಿ, ಸಕ್ಕರೆ ಕಾಯಿಲೆ ಕೇಳಿ, ಅವನಿಗೆ ಹೃದಯದ ಸಂಶಯ ಬಂತು. ಎದೆಗೆ ಮಾನಿಟರಿನ ಅಂಟುಪಟ್ಟಿ ಹಚ್ಚಬೇಕು, ರವಿಕೆ ಸ್ವಲ್ಪ ಸರಿಸಿ ಎಂದ. ಮಗ ಅಡ್ಡ ನಿಂತು ನನಗೆ ಫೋನ್ ಮಾಡಿದ್ದು ಆಗ.

"ಹಜ್ರತ್, ಗಂಡಸು ಇದಾನೆ, ಏನು ಮಾಡ್ಲಿ?"

"ಸ್ವಲ್ಪ ತಾಳಿ, ನಮಾಝ್ ಮುಗಿಸಿ ನಾನೇ ಬರ್ತೀನಿ" ಎಂದೆ.

"ಮಾಡಲಿ ಬಿಡಿ" ಎಂದಿದ್ದರೆ ಸಾಕಿತ್ತು, ಎರಡೇ ಶಬ್ದ. ಫೋನಿನಲ್ಲೇ ಹೇಳಬಹುದಿತ್ತು. ನಾನು ಮನೆ ಮುಟ್ಟುವಾಗ ಇಪ್ಪತ್ತು ನಿಮಿಷ ದಾಟಿತ್ತು. ಆ ಹುಡುಗ "ಇಲ್ಲಿ ಬ್ಯಾಡ ಅಂದ್ರ ಗಾಡಿ ಹತ್ತಿಸ್ರಿ, ಹೋಗೋಣು" ಎಂದು ಬೇಡಿಕೊಳ್ಳುತ್ತಿದ್ದ, ಮನೆಯವರು ನನ್ನ ದಾರಿ ಕಾಯುತ್ತಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರು, "ಇಷ್ಟು ಹೊತ್ತು ಏನು ಮಾಡ್ತಿದ್ರಿ?" ಎಂದು ಕೇಳಿದಾಗ ಮಗ ತಲೆ ತಗ್ಗಿಸಿ, "ಗಲ್ಲಿಯಲ್ಲಿ ಗಾಡಿ ತಿರುಗಿಸೋಕೆ ಆಗಲಿಲ್ಲ ಸರ್" ಎಂದ. ನನ್ನ ಹೆಸರು ಹೇಳಲಿಲ್ಲ. ನಾನು ಅವನ ಹಿಂದೆಯೇ ನಿಂತಿದ್ದೆ.

ಆ ತಾಯಿ ಬದುಕಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಆದರೆ ಹೃದಯದ ಸ್ನಾಯುವಿನ ಒಂದು ಭಾಗ ಸತ್ತಿದೆ. ಹತ್ತು ಮೆಟ್ಟಿಲು ಹತ್ತುವಾಗ ಎರಡು ಸಲ ಕೂರುತ್ತಾರೆ. ಅದರಲ್ಲಿ ರಾತ್ರಿಯೆಲ್ಲ ಓಮದ ನೀರಿನಲ್ಲಿ ಕಳೆದ ಹೊತ್ತಿನ ಪಾಲೆಷ್ಟು, ನನ್ನ ಇಪ್ಪತ್ತು ನಿಮಿಷದ ಪಾಲೆಷ್ಟು ಎಂದು ಡಾಕ್ಟರು ವಿಂಗಡಿಸಿ ಹೇಳಲಾರರು. ನಾನೂ ಕೇಳಿಲ್ಲ.

ಕೆಲವು ವಾರ ಕಳೆದು ಆ ಹುಡುಗನನ್ನು ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದೆ. ಅವನು ಸಿಟ್ಟಾಗಲಿಲ್ಲ. "ಸರ್, ಎದಿ ನೋವು ಅಂದ್ರ ಏನು ಮಾಡಬೇಕು ಅಂತ ನಮಗ ಕಲಿಸ್ಯಾರ. ಘಬರಾಹಟ್ ಅಂದ್ರ ಏನು ಮಾಡಬೇಕು ಅಂತ ಯಾರೂ ಕಲಿಸಿಲ್ಲ" ಎಂದ. ಈ ಲೇಖನ ಹುಟ್ಟಿದ್ದು ಆ ಮಾತಿನಿಂದ.

ನಮ್ಮ ರಾಜ್ಯದಲ್ಲಿ 108 ಆರೋಗ್ಯ ಕವಚ ಶುರುವಾದದ್ದು 2008ರ ನವೆಂಬರಿನಲ್ಲಿ. ವಾಹನದಲ್ಲಿ ಇಬ್ಬರಿರುತ್ತಾರೆ. ಓಡಿಸುವವರನ್ನು ಅವರ ಭಾಷೆಯಲ್ಲಿ ಪೈಲಟ್ ಎನ್ನುತ್ತಾರೆ, ಚಿಕಿತ್ಸೆ ಕೊಡುವವರನ್ನು ಇಎಂಟಿ. ಒಬ್ಬ ಇಎಂಟಿ ಒಂದೇ ಪಾಳಿಯಲ್ಲಿ ತಾಂಡಾದ ಲಂಬಾಣಿ ಹೆಂಗಸಿನ ಹೆರಿಗೆಗೆ ಹೋಗಬಹುದು, ಅಲ್ಲಿಂದ ಕಟ್ಟಡದ ಮೇಲಿಂದ ಬಿದ್ದ ಬಿಹಾರದ ಕೂಲಿಯ ಬಳಿಗೆ, ಸಂಜೆ ಉಪವಾಸ ವ್ರತದಲ್ಲಿರುವ ಜೈನ ವೃದ್ಧರ ಮನೆಗೆ, ರಾತ್ರಿ ನಮ್ಮ ಗಲ್ಲಿಗೆ. ದೇಹ ಎಲ್ಲರದೂ ಒಂದೇ. ಆದರೆ ನೋವು ಹೇಳಿಕೊಳ್ಳುವ ಮಾತು, ನಾಚುವ ರೀತಿ, ಹೆದರುವ ರೀತಿ ಬೇರೆ ಬೇರೆ. ಬಗೆಬಗೆಯ ರೋಗಿಗಳನ್ನು ನೋಡಿಕೊಳ್ಳುವ ತರಬೇತಿ ಎಂದರೆ ಇದನ್ನು ಮೊದಲೇ ಕಲಿತಿರುವುದು. ರೋಗಿಯ ಎದುರು ನಿಂತು ಹೊಸದಾಗಿ ಕಲಿಯಲು ಹೊತ್ತಿರುವುದಿಲ್ಲ.

ಘಬರಾಹಟ್ ವಿಷಯವನ್ನೇ ತೆಗೆದುಕೊಳ್ಳಿ. ಹೃದಯಾಘಾತ ಎಂದರೆ ಎದೆ ಹಿಡಿದುಕೊಂಡು ಬೀಳುವುದು ಎಂಬ ಚಿತ್ರ ಸಿನಿಮಾದಿಂದ ನಮ್ಮ ತಲೆಗೆ ಬಂದಿದೆ. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಬಹುಕಾಲದ ಸಕ್ಕರೆ ಕಾಯಿಲೆಯವರಲ್ಲಿ ಅದು ಹಾಗೆ ಬರದೇ ಹೋಗಬಹುದು. ಸುಸ್ತು, ತಣ್ಣನೆ ಬೆವರು, ವಾಕರಿಕೆ, ಉಸಿರು ಸಾಲದಿರುವುದು, ದವಡೆ ಅಥವಾ ಬೆನ್ನಿನ ನೋವು, ಏನೋ ಒಂದು ಕಳವಳ. ಈ ಕಳವಳಕ್ಕೇ ನಮ್ಮ ಹೆಂಗಸರು ಘಬರಾಹಟ್ ಎನ್ನುವುದು. ಕನ್ನಡದ ಗಾಬರಿ ಅದಕ್ಕೆ ಹತ್ತಿರದ ಶಬ್ದದಂತೆ ಕೇಳಿಸುತ್ತದೆ, ಅರ್ಥ ಮಾತ್ರ ಬೇರೆ ದಿಕ್ಕಿಗೆ ಹೋಗುತ್ತದೆ. ಸೊಸೆಯ ತಪ್ಪಿಲ್ಲ, ಹುಡುಗನದೂ ಇಲ್ಲ. ಶಬ್ದವೇ ಇಬ್ಬರನ್ನೂ ಮೋಸ ಮಾಡಿತು. ಒಳ್ಳೆಯ ತರಬೇತಿಯಲ್ಲಿ ಇಂಥ ಕಡೆ ಶಬ್ದವನ್ನು ನಂಬಿ ಕೂರದೆ, "ಎಲ್ಲಿ ಆಗ್ತಿದೆ, ಕೈಯಿಟ್ಟು ತೋರಿಸಿ" ಎಂದು ಕೇಳಲು ಕಲಿಸುತ್ತಾರೆ. ಸಾಧ್ಯವಾದಷ್ಟು ಮಕ್ಕಳನ್ನು, ಮನೆಯವರನ್ನು ದುಭಾಷಿಯಾಗಿ ಬಳಸಬೇಡಿ ಎಂದೂ ಹೇಳುತ್ತಾರೆ. ಮಗನ ಬಾಯಿಂದ ತಾಯಿಯ ರಕ್ತಸ್ರಾವದ ವಿಷಯ ಹೊರಡುತ್ತದೆಯೇ?

ಈ ತರಬೇತಿ ಎಲ್ಲಿಂದ ಬಂತು ಎಂದು ಹುಡುಕಿದಾಗ ನನಗೆ ಸಿಕ್ಕಿದ್ದು ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕಥೆ. 1960ರ ದಶಕದಲ್ಲಿ ಅಲ್ಲಿ ರೋಗಿಗಳನ್ನು ಆಸ್ಪತ್ರೆಗೆ ಒಯ್ಯುತ್ತಿದ್ದದ್ದು ಪೊಲೀಸ್ ವ್ಯಾನು. ಬೇರೆ ಊರುಗಳಲ್ಲಿ ಶವಸಂಸ್ಕಾರದ ಅಂಗಡಿಯವರ ಗಾಡಿಯೇ ಆಂಬುಲೆನ್ಸ್ ಆಗುತ್ತಿತ್ತು. ಎತ್ತಿ ಹಾಕಿಕೊಂಡು ಓಡಿಸುವುದಷ್ಟೇ ಕೆಲಸ. ಹಿಲ್ ಡಿಸ್ಟ್ರಿಕ್ಟ್ ಎಂಬ ಕಪ್ಪುವರ್ಣೀಯರ ಬಡ ಬಡಾವಣೆಗೆ ಆ ವ್ಯಾನು ಬರುವುದೂ ತಡ, ಬಂದರೆ ಪೊಲೀಸರೆಂಬ ಭಯ ಬೇರೆ. ಬಾಯಿಯಿಂದ ಬಾಯಿಗೆ ಉಸಿರು ಕೊಡುವ, ಎದೆ ಒತ್ತುವ ವಿಧಾನವನ್ನು ಜಗತ್ತಿಗೆ ತಂದವರಲ್ಲಿ ಪ್ರಮುಖರಾದ ಡಾ. ಪೀಟರ್ ಸಫರ್ ಆ ಊರಿನಲ್ಲಿದ್ದರು. ಅವರದೇ ಮಗಳು 1966ರಲ್ಲಿ ಆಸ್ತಮಾದಿಂದ ತೀರಿಕೊಂಡಿದ್ದಳು. ಮರುವರ್ಷ ಅವರೂ ಇನ್ನೂ ಕೆಲವರೂ ಸೇರಿ ಅದೇ ಬಡಾವಣೆಯ ನಿರುದ್ಯೋಗಿ ತರುಣರನ್ನು ಆರಿಸಿದರು. ಹಲವರು ಹೈಸ್ಕೂಲನ್ನೂ ಮುಗಿಸಿರಲಿಲ್ಲ, ಕೆಲವರು ವಿಯೆಟ್ನಾಂ ಯುದ್ಧದಿಂದ ಮರಳಿದವರು. ಸುಮಾರು 300 ಗಂಟೆಗಳ ಪಾಠ ಹೇಳಿ ಅವರನ್ನು ಗಾಡಿ ಹತ್ತಿಸಿದರು. ಫ್ರೀಡಂ ಹೌಸ್ ಆಂಬುಲೆನ್ಸ್ ಎಂದು ಅದರ ಹೆಸರು. ಗಾಡಿಯಲ್ಲೇ ಚಿಕಿತ್ಸೆ ಕೊಡುವುದನ್ನು ಮೊದಮೊದಲು ಮಾಡಿ ತೋರಿಸಿದವರು ಇವರು.

ಇವರ ಬಗ್ಗೆ ಓದುವಾಗ ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಕೆಲವು ಬಿಳಿಯ ರೋಗಿಗಳು, ಉಸಿರು ಸಿಕ್ಕಿಕೊಂಡಿರುವಾಗಲೂ, ಕಪ್ಪು ಕೈ ತಮ್ಮನ್ನು ಮುಟ್ಟುವುದು ಬೇಡ ಎನ್ನುತ್ತಿದ್ದರೆಂದು ಅಲ್ಲಿ ದುಡಿದವರು ನೆನಪಿಸಿಕೊಂಡಿದ್ದಾರೆ. ಬೈಸಿಕೊಂಡೇ ಅವರ ಜೀವ ಉಳಿಸುವುದನ್ನು ಆ ಹುಡುಗರು ಕಲಿತರು. 1975ರಲ್ಲಿ ನಗರಾಡಳಿತ ತನ್ನದೇ ಸೇವೆ ಶುರುಮಾಡಿ ಫ್ರೀಡಂ ಹೌಸ್ ಮುಚ್ಚಿಸಿತು, ಅನುಭವಿಗಳಾದ ಇವರಲ್ಲಿ ಬಹಳ ಮಂದಿ ಹೊಸ ಸೇವೆಯಿಂದ ಬದಿಗೆ ಸರಿಸಲ್ಪಟ್ಟರು. ಅವರ ವೈದ್ಯಕೀಯ ನಿರ್ದೇಶಕಿಯಾಗಿದ್ದ ಡಾ. ನ್ಯಾನ್ಸಿ ಕ್ಯಾರೊಲೈನ್ ಅಲ್ಲಿನ ಅನುಭವದಿಂದ ರೂಪಿಸಿದ ಪಾಠವೇ ಆ ದೇಶದ ಪ್ಯಾರಾಮೆಡಿಕ್ ತರಬೇತಿಯ ಮೊದಲ ರಾಷ್ಟ್ರೀಯ ಪಠ್ಯಕ್ರಮಕ್ಕೆ ಆಧಾರವಾಯಿತು.

ಬಣ್ಣದ ಮಾತು ಬಂದಿದ್ದರಿಂದ ಒಂದು ವಿಷಯ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಮನೆಮನೆಗೆ ಬಂತಲ್ಲ, ಅದು ಬೆರಳಿನ ಮೂಲಕ ಬೆಳಕು ಹಾಯಿಸಿ ರಕ್ತದ ಆಮ್ಲಜನಕ ಅಳೆಯುತ್ತದೆ. 2020ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಆಮ್ಲಜನಕ ಇಳಿದಿದ್ದರೂ ಯಂತ್ರ ಸರಿಯಿದೆಯೆಂದು ತೋರಿಸುವುದು ಬಿಳಿಯರಿಗಿಂತ ಕಪ್ಪುವರ್ಣೀಯರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಎಂದು ಕಂಡುಬಂತು. ನಮ್ಮಲ್ಲೂ ಎಲ್ಲ ಬಣ್ಣದವರಿದ್ದೇವೆ. ಅದಕ್ಕೇ ಸಂಖ್ಯೆಯನ್ನಷ್ಟೇ ನೋಡದೆ ತುಟಿಯ ಒಳಭಾಗ, ನಾಲಿಗೆ, ಕೆಳರೆಪ್ಪೆಯ ಒಳಗಿನ ಬಣ್ಣ ನೋಡಲು ಕಲಿಸುತ್ತಾರೆ. ಈದ್ ಸಮಯದಲ್ಲಿ ಬೆರಳ ತುದಿಗೆ ಹಚ್ಚುವ ಕಪ್ಪು ಮೆಹೆಂದಿ ಕೂಡ ಆ ಬೆಳಕನ್ನು ತಡೆಯಬಹುದು. ಮೆಹೆಂದಿ ಇಲ್ಲದ ಬೆರಳೋ ಕಿವಿಯ ಹಾಲೆಯೋ ಆದೀತು. ಸಿಬ್ಬಂದಿಗೆ ಹೊಳೆಯದಿದ್ದರೆ ನೀವೇ ಹೇಳಿ, ಬೇಸರ ಮಾಡಿಕೊಳ್ಳುವುದಿಲ್ಲ.

ಈಗ ಪರ್ದಾದ ವಿಷಯಕ್ಕೆ ಬರುತ್ತೇನೆ. ಆ ಮುಂಜಾನೆ ನಾನು ಎಡವಿದ್ದು ಅಲ್ಲೇ.

ಇಮಾಮ್ ಬುಖಾರಿ(ರಹ್) ತಮ್ಮ ಸಹೀಹ್‌ನ ಕಿತಾಬುತ್ತಿಬ್ಬ್‌ನಲ್ಲಿ, ಗಂಡಸು ಹೆಂಗಸಿಗೆ ಅಥವಾ ಹೆಂಗಸು ಗಂಡಸಿಗೆ ಚಿಕಿತ್ಸೆ ಕೊಡಬಹುದೇ ಎಂಬ ಪ್ರಶ್ನೆಗೇ ಒಂದು ಪ್ರತ್ಯೇಕ ಬಾಬ್ ಇಟ್ಟಿದ್ದಾರೆ. ಅದರ ಕೆಳಗೆ ಅವರು ತಂದಿರುವುದು ಸಹಾಬಿ ಮಹಿಳೆ ರುಬಯ್ಯಿಅ್ ಬಿಂತ್ ಮುಅವ್ವಿಝ್(ರ) ಅವರ ವರದಿ. ತಾವು ಪ್ರವಾದಿವರ್ಯರ(ಸ) ಜೊತೆ ಯುದ್ಧಕ್ಕೆ ಹೋಗಿ ನೀರು ಕೊಡುತ್ತಿದ್ದುದು, ಗಾಯಾಳುಗಳನ್ನು ಮದೀನಾಕ್ಕೆ ಸಾಗಿಸುತ್ತಿದ್ದುದು ಅದರಲ್ಲಿದೆ. ಗಾಯಾಳುಗಳನ್ನು ಸಾಗಿಸುವುದು ಎಂದರೆ ಇಂದಿನ ಆಂಬುಲೆನ್ಸ್ ಕೆಲಸವೇ. ಖಂದಕ್ ಯುದ್ಧದಲ್ಲಿ ಸಅದ್ ಬಿನ್ ಮುಆಝ್(ರ) ಗಾಯಗೊಂಡಾಗ ಮಸೀದಿಯ ಆವರಣದಲ್ಲೇ ಗುಡಾರ ಹಾಕಲಾಯಿತು. ಅಂಥ ಗುಡಾರದಲ್ಲಿ ಗಾಯಾಳುಗಳ ಆರೈಕೆ ಮಾಡುತ್ತಿದ್ದವರು ರುಫೈದಾ(ರ) ಎಂದು ಸೀರತ್ ಗ್ರಂಥಗಳು ಹೇಳುತ್ತವೆ. ಮಸೀದಿಯಲ್ಲಿ ಇದೇನು ವಿಷಯ ಎಂದು ಕೇಳಿದ ಹಿರಿಯರಿಗೆ ನಾನು ಕೊಟ್ಟ ಉತ್ತರವೂ ಇದೇ.

ಫಿಕ್ಹ್‌ನ ನಿಯಮ ಮದ್ರಸದ ಮಕ್ಕಳಿಗೂ ಗೊತ್ತು. ಅನಿವಾರ್ಯತೆ ನಿಷಿದ್ಧವನ್ನು ಸಡಿಲಿಸುತ್ತದೆ, ಆದರೆ ಆ ಸಡಿಲಿಕೆ ಅನಿವಾರ್ಯತೆ ಇರುವಷ್ಟಕ್ಕೆ ಮಾತ್ರ. ಇದನ್ನು ನಾನು ವರ್ಷಗಟ್ಟಲೆ ಪಾಠ ಮಾಡಿದ್ದೇನೆ, ಫೋನ್ ಬಂದಾಗ ಮರೆತೆ. ಆಮೇಲೆ ಆ ಹುಡುಗ ತನ್ನ ತರಬೇತಿಯ ಬಗ್ಗೆ ಹೇಳಿದ್ದು ಕೇಳಿ ನನಗೆ ನಾಚಿಕೆಯಾಯಿತು. ಎಷ್ಟು ಬೇಕೋ ಅಷ್ಟನ್ನೇ ತೆರೆ, ಏನು ಮಾಡುತ್ತೀ ಎಂದು ಮೊದಲೇ ಹೇಳು, ಮನೆಯ ಹೆಂಗಸನ್ನು ಪಕ್ಕದಲ್ಲಿ ನಿಲ್ಲಿಸು, ಕೆಲಸ ಮುಗಿದ ಕೂಡಲೇ ಹೊದಿಕೆ ಮುಚ್ಚು. ಅವರ ಪಾಠ ಇದು. ನಮ್ಮ ಫುಕಹಾಗಳು ಹೇಳಿದ್ದೂ ಇದೇ. ಅವನು ಅದನ್ನು ಪಾಲಿಸಲು ಸಿದ್ಧನಿದ್ದ, ನಾವು ಅವನಿಗೆ ಅವಕಾಶವನ್ನೇ ಕೊಡಲಿಲ್ಲ.

ಹೆಣ್ಣಿನ ಎದೆ ಮುಟ್ಟಲು ಹಿಂಜರಿಯುವುದು ನಮ್ಮಲ್ಲಿ ಮಾತ್ರ ಇರುವುದಲ್ಲ. 2017ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಲೆಕ್ಕದಂತೆ, ಸಾರ್ವಜನಿಕ ಸ್ಥಳದಲ್ಲಿ ಹೃದಯ ನಿಂತು ಬಿದ್ದ ಗಂಡಸರಲ್ಲಿ 45 ಶೇಕಡಾ ಮಂದಿಗೆ ಅಕ್ಕಪಕ್ಕದವರು ಎದೆ ಒತ್ತಿದ್ದರು. ಹೆಂಗಸರಲ್ಲಿ ಅದು 39 ಶೇಕಡಾ. ಪರ್ದಾ ಇಲ್ಲದ ದೇಶದ ಮಾತು ಇದು. ಹೃದಯ ನಿಂತಾಗ ಹೊತ್ತು ನಿಮಿಷದ ಲೆಕ್ಕದಲ್ಲಿ ಓಡುತ್ತದೆ. ಮಹಿಳಾ ಸಿಬ್ಬಂದಿ ಇದ್ದರೆ ಕೇಳುವುದು ನಮ್ಮ ಹಕ್ಕು. ಇಲ್ಲದಿದ್ದರೆ ಕಾಯುವುದು ದೀನ್ ಅಲ್ಲ.

ಮುಸ್ಲಿಮೇತರನ ಕೈಯಿಂದ ಚಿಕಿತ್ಸೆ ಎಂದು ಒಳಗೊಳಗೇ ಅಳುಕುವವರೂ ನಮ್ಮಲ್ಲಿ ಇಲ್ಲದಿಲ್ಲ. ಸಅದ್ ಬಿನ್ ಅಬೀ ವಕ್ಕಾಸ್(ರ) ಎದೆಯ ಕಾಯಿಲೆಯಿಂದ ನರಳಿದಾಗ ಪ್ರವಾದಿವರ್ಯರು(ಸ) ಅವರನ್ನು ಸಕೀಫ್ ಗೋತ್ರದ ವೈದ್ಯ ಹಾರಿಸ್ ಬಿನ್ ಕಲದಾನ ಬಳಿಗೆ ಕಳಿಸಿದರೆಂಬ ವರದಿ ಅಬೂ ದಾವೂದ್‌ನಲ್ಲಿದೆ. ಆ ವೈದ್ಯ ಇಸ್ಲಾಮ್ ಸ್ವೀಕರಿಸಿದ್ದು ದೃಢಪಟ್ಟಿಲ್ಲ ಎಂದು ಅನೇಕ ಉಲಮಾಗಳ ಅಭಿಪ್ರಾಯ. ಇದಕ್ಕಿಂತ ಹೆಚ್ಚು ಹೇಳುವ ಅಗತ್ಯ ನನಗೆ ಕಾಣುವುದಿಲ್ಲ.

ರಮಝಾನ್ ಬಗ್ಗೆ ಮಾತ್ರ ಹೆಚ್ಚು ಹೇಳಬೇಕಿದೆ. ಇಎಂಟಿಗಳಿಗೆ ರೋಗಿಯನ್ನು ವಿಚಾರಿಸಲು ಸ್ಯಾಂಪಲ್ ಎಂಬ ಇಂಗ್ಲಿಷ್ ಶಬ್ದದ ಆರು ಅಕ್ಷರಗಳನ್ನು ನೆನಪಿಡಲು ಹೇಳಿಕೊಡುತ್ತಾರೆ. ಲಕ್ಷಣ, ಅಲರ್ಜಿ, ಔಷಧಿ, ಹಳೆಯ ಕಾಯಿಲೆ, ಕೊನೆಯ ಊಟ, ಏನು ಮಾಡುವಾಗ ಹೀಗಾಯಿತು ಎನ್ನುವುದು. ಮಧ್ಯಾಹ್ನ ಮೂರಕ್ಕೆ ತಲೆಸುತ್ತಿ ಬಿದ್ದವರ ಕೊನೆಯ ಊಟ ಬೆಳಗಿನ ಜಾವದ ಸಹರಿ ಎಂದು ಸಿಬ್ಬಂದಿಗೆ ತಾನಾಗಿ ಹೊಳೆಯದು. ಸಕ್ಕರೆಯ ಮಾತ್ರೆ, ಇನ್ಸುಲಿನ್ ಹೊತ್ತು ಬದಲಾಗಿರುವುದೂ ಹೊಳೆಯದು. ಸಕ್ಕರೆ ಇಳಿದವರು ಬೆವರುತ್ತಾರೆ, ನಡುಗುತ್ತಾರೆ, ತೊದಲುತ್ತಾರೆ, ಕೆಲವರು ಸಿಡುಕಿ ಮಾತ್ರೆ ಬೇಡವೆಂದು ತಳ್ಳುತ್ತಾರೆ. ನೋಡುವವರಿಗೆ ಅದು ಕುಡಿತದಂತೆಯೂ ಕಾಣಬಹುದು. ಆದ್ದರಿಂದ ರೋಝಾದಲ್ಲಿದ್ದಾರೆ ಎಂದು ನೀವೇ ಮೊದಲ ಮಾತಾಗಿ ಹೇಳಿ. ಬೆರಳು ಚುಚ್ಚಿ ಸಕ್ಕರೆ ನೋಡುವುದರಿಂದ ಉಪವಾಸ ಮುರಿಯುವುದಿಲ್ಲ. 70ಕ್ಕಿಂತ ಕೆಳಗಿದ್ದರೆ, 300 ದಾಟಿದರೆ ಉಪವಾಸ ಬಿಡಬೇಕು ಎಂಬುದು ವೈದ್ಯರ ಮಾರ್ಗಸೂಚಿ. ರೋಗಿಗೆ ಆ ವಿನಾಯಿತಿ ಕೊಟ್ಟಿರುವುದು ಸೂರಃ ಅಲ್ ಬಕರದಲ್ಲಿ ಅಲ್ಲಾಹನೇ. ಎದೆನೋವಿಗೆ ನಾಲಿಗೆಯಡಿ ಇಡುವ ಮಾತ್ರೆಯ ಬಗ್ಗೆ 1997ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿ ಚರ್ಚಿಸಿ, ರಸ ನುಂಗದಂತೆ ಎಚ್ಚರ ವಹಿಸಿದರೆ ಉಪವಾಸ ಮುರಿಯದು ಎಂದಿದೆ. ಅದರ ಬಗ್ಗೆ ಭಿನ್ನ ಅಭಿಪ್ರಾಯ ಇರುವವರೂ ಮಾತ್ರೆ ಇಟ್ಟುಕೊಂಡು ಬದುಕಿದ ಮೇಲೆ ಚರ್ಚೆ ಮಾಡಲಿ. ಕಝಾ ಹಿಡಿಯಲು ವರ್ಷವಿದೆ.

ಕೊನೆಯ ಉಸಿರಿನಲ್ಲಿದ್ದಾರೆ ಎಂದು ತೋರಿದಾಗ ಮನೆಯವರೆಲ್ಲ ಕಲಿಮಾ ಹೇಳಿಸಲು ಮುಗಿಬೀಳುತ್ತೇವೆ. ಎದೆ ಒತ್ತುತ್ತಿರುವವರಿಗೆ ಕೈಯಾಡಿಸಲು ಜಾಗ ಇರುವುದಿಲ್ಲ. ಒಬ್ಬರು ಕಿವಿಯ ಬಳಿ ಮೆಲ್ಲಗೆ ಹೇಳಲಿ, ಉಳಿದವರು ಹಿಂದೆ ಸರಿಯಲಿ.

ಕಳೆದ ವರ್ಷ ಒಂದು ಭಾನುವಾರ ಝುಹ್ರ್ ಬಳಿಕ ಮದ್ರಸದ ಹಾಲ್‌ನಲ್ಲಿ ಜಮಾಅತ್ ಕಮಿಟಿಯವರು ಇಬ್ಬರು 108 ಸಿಬ್ಬಂದಿಯನ್ನು ಕರೆಸಿದರು. ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್ ಆಳಕ್ಕೆ ಎದೆ ಒತ್ತುವುದನ್ನು ಅವರು ದಿಂಬಿನ ಮೇಲೆ ತೋರಿಸಿದರು. ನಾವು ಅವರಿಗೆ ನಮ್ಮ ಮಾತು ಹೇಳಿಕೊಟ್ಟೆವು. ಘಬರಾಹಟ್, ಚಕ್ಕರ್, ಸಾಂಸ್ ಫೂಲ್ ರಾ, ಹಾಥ್ ಸುನ್ನ್ ಹೋಗ್ಯಾ. ಅವರು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದುಕೊಂಡರು. (ಕರಾವಳಿಯ ಬ್ಯಾರಿ ಕುಟುಂಬಗಳಿಗೆ ಈ ಪಟ್ಟಿ ಉಪಯೋಗಕ್ಕೆ ಬಾರದು, ಅಲ್ಲಿಯವರು ತಮ್ಮದನ್ನು ತಾವೇ ಮಾಡಿಕೊಡಬೇಕು.) "ಅಪಘಾತ ಆದಾಗ ಐವತ್ತು ಜನ ಸೇರ್ತೀರಿ, ಗಾಯಾಳು ಮುಟ್ಟೋಕೆ ಒಬ್ಬರೂ ಬರಲ್ಲ ಯಾಕೆ?" ಎಂದು ಪೈಲಟ್ ಕೇಳಿದರು. ಕೇಸಿನ ಭಯ ಎಂದರು ನಮ್ಮವರು. ಸುಪ್ರೀಂ ಕೋರ್ಟ್ 2016ರಲ್ಲೇ ನೆರವಾಗುವವರಿಗೆ ರಕ್ಷಣೆ ಕೊಟ್ಟಿದೆ, 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ 134ಎ ಎಂಬ ಕಲಮೇ ಸೇರಿದೆ ಎಂದು ಅವರು ವಿವರಿಸಿದ ಮೇಲೆ ಯಾರೂ ಮಾತಾಡಲಿಲ್ಲ.

ಪರದೆಯ ಹಿಂದಿನಿಂದ ಒಬ್ಬ ತಾಯಿ, "ಹೆಂಗಸರನ್ನೇ ಯಾಕೆ ಕಳಿಸಬಾರದು?" ಎಂದು ಕೇಳಿದರು. ಹತ್ತಿರದ ಗಾಡಿ ಯಾವುದೋ ಅದು ಹೊರಡುತ್ತದೆ, ಅದರಲ್ಲಿ ಯಾರ ಪಾಳಿಯೋ ಅವರು ಬರುತ್ತಾರೆ ಎಂದರು ಸಿಬ್ಬಂದಿ. ಆಮೇಲೆ ಅವರಲ್ಲಿ ಒಬ್ಬ, "ನಿಮ್ಮ ಮೊಹಲ್ಲಾದಿಂದ ಎಷ್ಟು ಹುಡುಗಿಯರು ನರ್ಸಿಂಗ್ ಓದ್ತಿದಾರೆ ಅಮ್ಮಾ?" ಎಂದು ಕೇಳಿದ. ಇಬ್ಬರು. ಅವರಲ್ಲೊಬ್ಬಳ ಮದುವೆ ನಿಶ್ಚಯವಾಗಿ ಓದು ನಿಲ್ಲುವ ಮಾತಿದೆ. ಹೆಣ್ಣು ಸಿಬ್ಬಂದಿ ಬೇಕೆನ್ನುವ ನಾವು ಆ ಮನೆಗೆ ಹೋಗಿ ಮಾತಾಡಬೇಕಲ್ಲವೇ? ನಾನು ಒಂದು ಸಲ ಹೋಗಿದ್ದೇನೆ, ಇನ್ನೊಮ್ಮೆ ಹೋಗುವವನಿದ್ದೇನೆ.

ಎಲ್ಲರೂ ಒಪ್ಪಿದರು ಎಂದು ಬರೆದರೆ ಸುಳ್ಳಾಗುತ್ತದೆ. ಹೀಗೆ ಒಂದೊಂದೇ ಬಾಗಿಲು ತೆರೆದರೆ ಪರ್ದಾ ಎಲ್ಲಿ ಉಳಿಯುತ್ತದೆ ಎಂದು ಒಬ್ಬ ಹಿರಿಯರು ಇಂದಿಗೂ ವಾದಿಸುತ್ತಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ನಮ್ಮ ಮಸೀದಿಯ ಮಟ್ಟಿಗೆ ಮಾತ್ರ ತೀರ್ಮಾನ ಆಗಿದೆ. ತುರ್ತು ಚಿಕಿತ್ಸೆಗೆ ಯಾರೂ ಇಮಾಮನ ಅನುಮತಿಗೆ ಕಾಯಬೇಕಿಲ್ಲ, ನಮಾಝ್ ಹೊತ್ತಾಗಿದ್ದರೂ. ಇದನ್ನು ಬರೆದು ವುಝೂ ಹೌಝಿನ ಪಕ್ಕದ ಫಲಕದಲ್ಲಿ ಹಾಕಿದ್ದೇವೆ.

ಮುಂದಿನ ತಿಂಗಳ ಮೊದಲ ಭಾನುವಾರ ಝುಹ್ರ್ ಬಳಿಕ ಅದೇ ಹಾಲ್‌ನಲ್ಲಿ ಹೆಂಗಸರಿಗಾಗಿ ಪ್ರತ್ಯೇಕ ತರಬೇತಿ ಇದೆ, ಕಲಿಸಲು ಮಹಿಳಾ ಇಎಂಟಿ ಒಬ್ಬರು ಒಪ್ಪಿದ್ದಾರೆ. ಬರುವಾಗ ಮನೆಯ ಹಿರಿಯರು ತೆಗೆದುಕೊಳ್ಳುವ ಮಾತ್ರೆಗಳ ಚೀಟಿ ತನ್ನಿ. ಅದರ ಪ್ರತಿ ಮಾಡಿಸಿ ಮನೆಬಾಗಿಲ ಹಿಂದೆ ಅಂಟಿಸುವಂತೆ ಕೊಡುತ್ತೇವೆ. ಜೆರಾಕ್ಸ್ ಖರ್ಚು ಕಮಿಟಿಯದು.